ಕರುವಿಗೆ ಇಟ್ಟ ಹೆಸರು

ಹಾವೇರಿ ಕಡೆಯ ಒಂದು ಊರು. ಅಂದು ಬೆಳಿಗ್ಗೆ ಫಕೀರಪ್ಪನ ಎಮ್ಮೆ ಈದಿತು... ಹೆಣ್ಣು ಕರು!

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೇಡೆ ತಂದು ಓಣಿಗೆಲ್ಲ ಹಂಚಿದ.

"ನಮ್ಮ ಮನಿಗೆ ಭಾಗ್ಯ ಬಂದೈತ್ರಿ. ಇದರ ಹೆಸರೂ ಭಾಗ್ಯಾನ!" ಎಂದು ಕರುವಿನ ಹಣೆಗೆ ಕುಂಕುಮ ಹಚ್ಚಿದ.

ಅವನ ತಾಯಿ ಸಾಕವ್ವ ಕರುವಿನ ಮೈ ಒರೆಸುತ್ತ ಕೂತಿದ್ದಳು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು... ಹೆಂಡತಿ ಕಸ್ತೂರಿಗೆ ಹೆರಿಗೆಯಾಗಿತ್ತು. ಮೂರನೆಯದೂ ಹೆಣ್ಣು.

ಫಕೀರಪ್ಪನ ಮುಖ ಕಪ್ಪಿಟ್ಟಿತು. ಫೋನ್ ಕಿಸೆಗೆ ಹಾಕಿ ತಾಯಿಯ ಕಡೆ ತಿರುಗಿದ.

"ಈ ಸಲಾನೂ ಅದ ಆತಬೇ ಯವ್ವಾ. ಆ ಕೂಸಿಗೆ 'ಸಾಕು' ಅಂತ ಹೆಸರಿಟ್ಟಬಿಡು. ಮುಂದರ ಗಂಡು ಹುಟ್ಟಲಿ."

ಸಾಕವ್ವನ ಕೈ ನಿಂತಿತು...

"ನನ್ನ ಹೆಸರಿನ ಅರ್ಥ ಏನು, ಗೊತ್ತೈತೇನೋ?"

"ಗೊತ್ತಿಲ್ಲೇನು? ಎಲ್ಲಾರನ್ನೂ ಸಾಕಿ ಬೆಳಸಿದಾಕಿ. ಅದಕ್ಕ ಸಾಕವ್ವ."

ಊರಿನವರೂ ಹಾಗೇ ಅಂದುಕೊಂಡಿದ್ದರು. ಅಲ್ಲ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

"ಅಲ್ಲೋ ತಮ್ಮಾ... ನಾ ಐದನೇ ಹೆಣ್ಣು. ನಾ ಹುಟ್ಟಿದ್ದ ಕೇಳಿ ನಮ್ಮಪ್ಪ ಬಾಗಲದಾಗ ನಿಂತು 'ಇನ್ನ ಸಾಕು' ಅಂದ. ಅದ ನನ್ನ ಹೆಸರಾತು. ಅಂವ ಕರದಾಗೆಲ್ಲ ನನಗ ಅದ ಕೇಳಸ್ತಿತ್ತು..."

ಫಕೀರಪ್ಪ ತಲೆ ತಗ್ಗಿಸಿದ.

"ಕೂಸಿಗೆ ಭಾಗ್ಯ ಅಂತ ಇಡೋಣು. ಬೇಕಾದ್ರ ಈ ಕರಕ್ಕ ಸಾಕು ಅಂತ ಕರಿ."

"ಛೇ! ಏನ್ ಮಾತಾಡ್ತಿಯವ್ವಾ! ಹಾಲು ಕೊಡೂ ದನಕ್ಕ ಯಾರರ ಸಾಕು ಅಂತ ಹೆಸರಿಡ್ತಾರೇನು? ಹಾಲು ಬತ್ತಿ ಹೋಗ್ತಾವ!"

ಸಾಕವ್ವ ಮಗನನ್ನೇ ನೋಡಿದಳು. ಕಣ್ಣು ತುಂಬಿ ಬಂದಿತ್ತು.

"ನನಗ ಇಟ್ಟಿದ್ರಲ್ಲೋ... ನಿನಗ ಕುಡಿಸಿದ ಹಾಲು ಬತ್ತಿತ್ತೇನು?"

ಫಕೀರಪ್ಪ ಎದ್ದು ಎಮ್ಮೆಗೆ ಮೇವು ಹಾಕಲು ಹೋದ.

ಆಸ್ಪತ್ರೆಗೆ ಅವನೂ ಬರಬಹುದೆಂದು ಸಾಕವ್ವ ಸ್ವಲ್ಪ ಹೊತ್ತು ಕಾದಳು... ಬರಲಿಲ್ಲ. ಸೀರೆ ಬದಲಿಸಿ ಒಬ್ಬಳೇ ಬಸ್ ಹತ್ತಿದಳು.

ಆಸ್ಪತ್ರೆಯಲ್ಲಿ ಕೂಸನ್ನು ಎತ್ತಿಕೊಂಡು, ಅದರ ಕಿವಿಯಲ್ಲಿ "ಭಾಗ್ಯ..." ಎಂದಳು.

ಕಸ್ತೂರಿ ಬಾಗಿಲ ಕಡೆ ನೋಡಿದಳು. "ಅವರು ಬರಲಿಲ್ಲೇನ್ರಿ ಅತ್ತಿ?"

"ಎಮ್ಮಿ ಈದೈತವಾ..." ಸಾಕವ್ವನ ದನಿ ಸಣ್ಣದಾಯಿತು.

"ಏನು ಕರ ರೀ?"

"ಹೆಣ್ಣು."

"ಹಂಗಾದ್ರ ಭಾಳ ಖುಷಿಯಾಗಿರಬೇಕು ಅವರಿಗೆ," ಎಂದು ಕಸ್ತೂರಿ ಗೋಡೆಯ ಕಡೆ ಮುಖ ತಿರುಗಿಸಿದಳು.


ಕೊಟ್ಟಿಗೆಯಲ್ಲಿ ಹೆಣ್ಣು ಹುಟ್ಟಿದರೆ ಪೇಡೆ ಹಂಚುವ ನಾವು, ತೊಟ್ಟಿಲಿಗೆ ಹೆಣ್ಣು ಬಂದರೆ ಮುಖ ಕೆಡಿಸಿಕೊಳ್ಳುತ್ತೇವೆ.

ನಿಮ್ಮ ಅವ್ವನಿಗೆ, ಅಜ್ಜಿಗೆ ಆ ಹೆಸರು ಯಾಕೆ ಬಂತೆಂದು ಒಮ್ಮೆಯಾದರೂ ಕೇಳಿದ್ದೀರಾ...?