ಇಪ್ಪತ್ತೊಂಬತ್ತರ ಮೇಲೆ ಐವತ್ತು

ಕಾಮಾಕ್ಷಿಯ ಕೈಚೀಲದಲ್ಲಿ ಕ್ಯಾಸಿನೋದ ನಕ್ಷೆ ಸಿಕ್ಕಿತು. ರೂಲೆಟ್ ಟೇಬಲ್ಲುಗಳಿರುವ ಕಡೆ ಪೆನ್ನಿನಲ್ಲಿ ಸುತ್ತು ಹಾಕಿತ್ತು.

ಕೆಲಸದವಳ ಚೀಲ ಬಿಚ್ಚಿ ನೋಡಲು ಆ ಮನೆಯಲ್ಲಿ ಕಾರಣ ಬೇಕಿರಲಿಲ್ಲ. ಮನೆಯೊಡತಿ ನಳಿನಿ ಆ ಸುತ್ತನ್ನು ಮತ್ತೊಮ್ಮೆ ನೋಡಿದಳು. ಭಾನುವಾರದ ರಜೆಗೆ ದೇವಸ್ಥಾನ ಎಂದು ಹೇಳಿ ಇವಳು ಹೋಗುತ್ತಿದ್ದುದು ಅಲ್ಲಿಗೋ? ಗಂಡ ಸತ್ತು ದಿಕ್ಕಿಲ್ಲದವಳನ್ನು ಭದ್ರಾವತಿಯಿಂದ ಕರೆಸಿ, ವರ್ಕ್ ಪರ್ಮಿಟ್ ಮಾಡಿಸಿ, ಅಡುಗೆಮನೆ ಒಪ್ಪಿಸಿದ ಮನೆ ಇದು. ಅವಳ ಮಗಳ ಹಾಸ್ಟೆಲ್ ಫೀಸು ನಡೆಯುತ್ತಿದ್ದುದು ಇಲ್ಲಿನ ಸಂಬಳದಲ್ಲಿ. ನಳಿನಿ ನಕ್ಷೆಯನ್ನು ಮಡಿಚಿ ಮುಷ್ಟಿಯಲ್ಲಿಟ್ಟುಕೊಂಡಳು. ನಾಳೆಯೇ ಪರ್ಮಿಟ್ ಕ್ಯಾನ್ಸಲ್ ಮಾಡಿಸಿ ಫ್ಲೈಟ್ ಹತ್ತಿಸುವುದು. ಊಟ ಮುಗಿಯಲಿ.

ಸಿಂಗಪುರದ ಜುರಾಂಗ್ ವೆಸ್ಟ್‌ನ ಆ ಫ್ಲಾಟಿನ ಹಾಲ್‌ನಲ್ಲಿ ಹದಿನೈದು ಜನ ಬಿಸಿಬೇಳೆಭಾತಿನ ತಟ್ಟೆ ಹಿಡಿದು ಕೂತಿದ್ದರು. ಬ್ಲಾಕಿಗೆ ಹೊಸದಾಗಿ ಬಂದಿದ್ದ ಅನಂತರಾಮ್ ಗೋಡೆಯ ತೇಗದ ಹಲಗೆ, ಚರ್ಮದ ಸೋಫಾ ನೋಡಿ, ಇಷ್ಟೆಲ್ಲ ಹೇಗೆ ಮಾಡಿಸಿದಿರಿ ಎಂದು ಕೇಳಿಬಿಟ್ಟ. ಉಳಿದವರು ನಕ್ಕರು. ಅದು ಎಲ್ಲರಿಗೂ ಬಾಯಿಪಾಠವಾದ ಕಥೆ. ಆದರೂ ನಳಿನಿಯ ಗಂಡ ಶಿವರಾಮ್ ಗಂಟಲು ಸರಿಮಾಡಿಕೊಂಡಾಗ ಎಲ್ಲರೂ ಹತ್ತಿರ ಸರಿದರು.

ಶಿವರಾಮ್ ಟುವಾಸ್‌ನ ಒಂದು ಶಿಪ್‌ಯಾರ್ಡಿನಲ್ಲಿ ಸೂಪರ್‌ವೈಸರ್. ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಸಿಕ್ಕು ಆರು ವರ್ಷ. ಎರಡು ವರ್ಷದ ಹಿಂದೆ, ಜೂನ್ ಇಪ್ಪತ್ತೊಂಬತ್ತರಂದು, ಅವನ ಕೈಕೆಳಗಿನ ವೆಲ್ಡರ್ ಜಗದೀಶ ಅಟ್ಟಣಿಗೆಯಿಂದ ಬಿದ್ದು ಸತ್ತ. ಕಾಮಾಕ್ಷಿಯ ಗಂಡ. ಹೆಣದ ಜೊತೆ ಭದ್ರಾವತಿಗೆ ಹೋದವನು ಶಿವರಾಮ್. ಕಾಗದಪತ್ರಕ್ಕೆ ಓಡಾಡಿದವನೂ ಅವನೇ. ಇಂಗ್ಲಿಷಿನ ಹಾಳೆಗಳ ಮೇಲೆ ಅವನು ಬೆರಳಿಟ್ಟಲ್ಲೆಲ್ಲ ಕಾಮಾಕ್ಷಿ ಸಹಿ ಹಾಕಿದ್ದಳು. ಆದರೆ ಜಗದೀಶ ಸೇಫ್ಟಿ ಬೆಲ್ಟ್ ಹಾಕಿರಲಿಲ್ಲವಂತೆ. ತಪ್ಪು ಅವನದೇ, ಪರಿಹಾರ ಇಲ್ಲವಂತೆ. ಫೋನಿನಲ್ಲಿ ಅದನ್ನು ಹೇಳುವಾಗ ಶಿವರಾಮ್ ಅತ್ತಿದ್ದ.

“ಆ ದೀಪಾವಳಿ ಟೈಮಲ್ಲಿ ತಲೆ ಕೆಟ್ಟೋಗಿತ್ತು ಕಣ್ರೀ,” ಎಂದು ಶುರುಮಾಡಿದ. “ಸುಮ್ನೆ ಕ್ಯಾಸಿನೋ ಕಡೆ ನಡೆದೆ. ಜೊತೆಗೆ ಒಬ್ರೂ ಇಲ್ಲ. ಕಾರ್ಡ್ ಮನೇಲಿ. ಪರ್ಸಲ್ಲಿ ಇದ್ದಿದ್ದೇ ಐವತ್ತು ಡಾಲರ್. ಎಡಗಡೆ ಕ್ಯೂ ಹಿಡಿದು ಒಳಗೆ ಹೋದೆ. ಮೊದಲನೇ ಟೇಬಲ್. ಐವತ್ತನ್ನೂ ಇಪ್ಪತ್ತೊಂಬತ್ತರ ಮೇಲಿಟ್ಟೆ. ಜಗದೀಶ ಹೋದ ತಾರೀಖು.”

ಹಣವಿಟ್ಟ ಅಂಕಿಯಲ್ಲೇ ಗೋಲಿ ನಿಂತರೆ ಒಂದಕ್ಕೆ ಮೂವತ್ತೈದು. ಗೋಲಿ ಇಪ್ಪತ್ತೊಂಬತ್ತರಲ್ಲಿ ಕೂತಿತು. ಬಂದದ್ದನ್ನೆಲ್ಲ ಅಲ್ಲೇ ಬಿಟ್ಟ. ಚಕ್ರ ಮತ್ತೆ ತಿರುಗಿತು. ಮತ್ತೆ ಅದೇ ಮನೆ. ಹತ್ತಿರ ಹತ್ತಿರ ಅರವತ್ತೈದು ಸಾವಿರ ಡಾಲರ್. ಇಲ್ಲಿಗೆ ಬಂದಾಗ ಶಿವರಾಮ್ ಪ್ರತಿ ಸಲವೂ ದನಿ ತಗ್ಗಿಸುತ್ತಿದ್ದ. ಗೆದ್ದದ್ದರಲ್ಲಿ ಐದು ಸಾವಿರವನ್ನು ಮೊದಲು ಕಾಮಾಕ್ಷಿಗೆ ಕಳಿಸಿದ ಮೇಲೇ ಉಳಿದದ್ದನ್ನು ಮುಟ್ಟಿದ್ದಂತೆ.

“ಇದು ಜಗದೀಶ ಕೊಟ್ಟ ದುಡ್ಡು. ಇದರಲ್ಲಿ ನಂದೇನಿದೆ?”

ಮೆಚ್ಚುಗೆಯ ಗುಜುಗುಜು ಎದ್ದಿತು. ಅನಂತರಾಮನ ಮಗಳು ಅಮೂಲ್ಯಾ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು. ಇಲ್ಲೇ ಬೆಳೆದ ಹುಡುಗಿ, ಕಾನೂನು ಓದುತ್ತಿದ್ದಾಳೆ. ಬಂದಾಗಿನಿಂದ ಕಾಮಾಕ್ಷಿಯ ಜೊತೆ ಅದೇನೋ ಪಿಸುಮಾತು. ನಳಿನಿಗೆ ಅದೂ ಸೇರಿ ಮೈ ಉರಿಯಿತು. ಊಟ ಮುಗಿಯುವವರೆಗೂ ತಡೆಯಲಾಗಲಿಲ್ಲ. ನಕ್ಷೆಯನ್ನು ಟೀಪಾಯಿಯ ಮೇಲೆ ಎಸೆದಳು.

“ಇವಳ ಚೀಲದಲ್ಲಿತ್ತು. ತಂಗಿ ಥರ ನೋಡ್ಕೊಂಡಿದ್ದೆ. ನಂಬಿದ್ದಕ್ಕೆ ಇದಾ? ಎಷ್ಟು ಕಳ್ಕೊಂಡೆ, ಎಲ್ಲರ ಮುಂದೇನೇ ಹೇಳು.”

ಕಾಮಾಕ್ಷಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು.

“ನಕ್ಷೆ ಬಾಗಿಲಲ್ಲೇ ಕೊಟ್ರು, ಒಳಗೇ ಹೋಗ್ಲಿಲ್ಲ ಅಕ್ಕಾ. ಪಾಸ್‌ಪೋರ್ಟ್ ಕೇಳಿದ್ರು. ಅದು ಶಿವರಾಮಣ್ಣನ ಬೀರುನಲ್ಲಿದೆಯಲ್ಲ.”

ಯಾರೋ ಕೆಮ್ಮಿದರು. ಕಾಮಾಕ್ಷಿ ಅವಸರವಿಲ್ಲದೆ ಹೇಳಿದಳು. ಜಗದೀಶನ ದಿನ ಈ ವರ್ಷ ಭಾನುವಾರವೇ ಬಿದ್ದಿತ್ತು. ಅವನ ಹೆಸರಿಗೆ ಒಲಿದ ಟೇಬಲ್ಲಿಗೆ ಒಮ್ಮೆ ಕೈಮುಗಿದು ಬರೋಣ ಎಂದು ಹೋಗಿದ್ದಳು. ಅಣ್ಣ ಹೇಳುತ್ತಿದ್ದ ಹಾಗೆಯೇ ಎಡಗಡೆಯ ಸಾಲಿನಲ್ಲಿ ನಿಂತಳು. ಬಾಗಿಲಲ್ಲಿದ್ದವನು ತಮಿಳಿನವನು. ಇದು ಸಿಟಿಜನ್‌ಗಳ, ಪಿಆರ್‌ಗಳ ಸಾಲಮ್ಮಾ, ಇವರು ಒಳಗೆ ಕಾಲಿಡಲು ಮೊದಲು ನೂರು ಡಾಲರ್ ಕಟ್ಟಬೇಕು, ಬಾಗಿಲು ತೆರೆದ ದಿನದಿಂದಲೂ ಹೀಗೇ ಎಂದ.

“ನಮ್ಮಣ್ಣ ಪಿಆರು, ಬರೀ ಐವತ್ತಿಟ್ಕೊಂಡು ಒಳಗೆ ಹೋಗಿದ್ರು ಅಂದೆ. ಬಿದ್ದು ಬಿದ್ದು ನಕ್ಕ.”

ಹಾಲ್‌ನಲ್ಲಿ ಯಾರೂ ನಗಲಿಲ್ಲ. ಕೂತವರಲ್ಲಿ ಮುಕ್ಕಾಲು ಪಾಲು ಪಿಆರ್‌ಗಳು. ಬಾಗಿಲಿನ ಆ ನೂರು ಡಾಲರ್ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಆ ಕಥೆ ಕೇಳಿ, ಉಂಡು, ಎದ್ದು ಹೋಗಿದ್ದರು.

ಶಿವರಾಮ್ ತಟ್ಟೆ ಕೆಳಗಿಟ್ಟ. “ಐವತ್ತೋ ನೂರೈವತ್ತೋ, ಹಳೇ ಮಾತು. ಗೆದ್ದಿದ್ದಂತೂ ಸುಳ್ಳಲ್ವಲ್ಲ? ಇಲ್ದಿದ್ರೆ ಅಷ್ಟು ದುಡ್ಡು ಎಲ್ಲಿಂದ ಬರುತ್ತೆ?”

“ನಂಗೂ ಅದೇ ಯೋಚ್ನೆ ಆಯ್ತು ಅಣ್ಣಾ,” ಎಂದಳು ಕಾಮಾಕ್ಷಿ. “ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ಕಲ್ಲಿ, ಈ ಮಗು ಸಿಕ್ತು. ಇವಳ ಕೈಲಿ ಸರ್ಕಾರಕ್ಕೆ ಪತ್ರ ಬರೆಸಿ ಕೇಳ್ದೆ.”

ಅಮೂಲ್ಯಾ ಬ್ಯಾಗಿನಿಂದ ಒಂದು ಲಕೋಟೆ ತೆಗೆದಳು. ಮೇಲೆ ಸರ್ಕಾರಿ ಮುದ್ರೆ.

“ಬೆಲ್ಟ್ ಹಾಕಿದ್ರೂ ಹಾಕ್ದೇ ಇದ್ರೂ ಪರಿಹಾರ ಕೊಡ್ತಾರೆ ಲಾ, ಅಂಕಲ್,” ಎಂದು ಈ ದೇಶದವರ ಧಾಟಿಯಲ್ಲೇ ಹೇಳಿ, ಹಾಳೆ ಬಿಡಿಸಿ, ಇಂಗ್ಲಿಷಿನಲ್ಲಿದ್ದುದನ್ನು ಕಾಮಾಕ್ಷಿಗೆ ಅರ್ಥವಾಗುವಂತೆ ನಿಧಾನವಾಗಿ ಕನ್ನಡದಲ್ಲಿ ಓದಿದಳು.

“ವೆಲ್ಡರ್ ಜಗದೀಶನ ಸಾವಿಗೆ ಪರಿಹಾರ, ಅರವತ್ತೈದು ಸಾವಿರ ಡಾಲರ್, ಹೆಂಡತಿಯ ಸಹಿ ತೋರಿಸಿ ಅವಳ ಪರವಾಗಿ ಪಡೆದುಕೊಂಡವರು, ಶಿವರಾಮ್.”