ಹೊಕ್ಕುಳಿನ ಬಾಗಿಲು

ನಳಿಕೆ ಒಳಗೆ ಇಳಿಯಲಿಲ್ಲ.

ತಾಯಿ ಅದರ ತುದಿಗೆ ಮತ್ತೊಮ್ಮೆ ಜೆಲ್ಲಿ ಸವರಿ, ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತಿದ್ದ ಮಗಳ ಹೊಕ್ಕುಳಿಗೆ ಹಿಡಿದಳು. ಹುಟ್ಟಿನಿಂದಲೇ ಮಲದ ಮೇಲೆ ಹಿಡಿತವಿಲ್ಲದ ಹುಡುಗಿಗೆ ಶಿಬಿರಕ್ಕೆ ಬಂದಿದ್ದ ವೈದ್ಯರು ಅಲ್ಲೊಂದು ಸಣ್ಣ ರಂಧ್ರ ಮಾಡಿ ಕರುಳಿಗೆ ದಾರಿ ಕೊಟ್ಟಿದ್ದರು. ದಿನವೂ ಅದರ ಮೂಲಕ ಉಪ್ಪುನೀರು ಹಾಯಿಸಿದರೆ ಹೊಟ್ಟೆಯೆಲ್ಲ ಒಮ್ಮೆಗೇ ತೊಳೆದುಹೋಗುತ್ತಿತ್ತು. ಸಂಜೆಯವರೆಗೂ ಬಟ್ಟೆ ಶುಭ್ರ. 'ಗಬ್ಬು ಗೊಂಬೆ' ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದ ತರಗತಿಯಲ್ಲಿ ಈಗ ಅವಳ ಪಕ್ಕ ಒಬ್ಬ ಗೆಳತಿಯೂ ಕೂರುತ್ತಿದ್ದಳು.

ಆ ರಂಧ್ರವಿದ್ದಲ್ಲಿ ಈಗ ಗುಲಾಬಿ ಬಣ್ಣದ ಗುಳಿಯೊಂದೇ ಉಳಿದಿತ್ತು.

"ನಾನು ಅಕ್ಕನ ಬಾಣಂತನಕ್ಕೆ ಹೋದಾಗ ಅಜ್ಜಿ ದಿನಾ ನೀರು ಬಿಟ್ರಾ, ಇಲ್ವಾ?"

ಹುಡುಗಿ ಅಡುಗೆಮನೆಯತ್ತ ಕಣ್ಣು ಹೊರಳಿಸಿದಳು. "ರಜೆ ಇತ್ತಲ್ಲಮ್ಮ. ಬೇಡ ಅಂದ್ರು."

ಅಜ್ಜಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಮುಖದಲ್ಲಿ ಗೆಲುವಿನ ಕಳೆ. "ಮತ್ತೆ? ದಿನಾ ಕೆದಕ್ತಾ ಕೂತ್ರೆ ಗಾಯ ಮಾಯೋದು ಯಾವಾಗ? ಮುಲಾಮು ಹಚ್ಚಿ ಬಿಗಿಯಾಗಿ ಪಟ್ಟಿ ಕಟ್ದೆ. ಎಷ್ಟು ಚೆನ್ನಾಗಿ ಕೂಡ್ಕೊಂಡಿದೆ ನೋಡು! ನಿನ್ನ ಡಾಕ್ಟರು ಹೊಲಿಯೋದನ್ನೇ ಮರೆತಿದ್ದ."

"ಅತ್ತೆ... ಅದು ಗಾಯ ಅಲ್ಲ ಅತ್ತೆ..." ತಾಯಿ ಮಗಳಿಗೆ ಬಟ್ಟೆ ತೊಡಿಸತೊಡಗಿದಳು.

ಆಸ್ಪತ್ರೆಯಲ್ಲಿ ನರ್ಸ್ ದೀಪವನ್ನು ಹತ್ತಿರಕ್ಕೆಳೆದು ಗುಳಿಯನ್ನು ನೋಡಿದಳು. ತೆಳ್ಳನೆಯ ನಳಿಕೆಯೊಂದನ್ನು ಆರಿಸಿದಳು; ಅದು ಬಾಗಿತು. ಇನ್ನೂ ತೆಳ್ಳನೆಯದನ್ನು ಕೈಗೆತ್ತಿಕೊಂಡಳು.

"ಇದಕ್ಕಿಂತ ಸಣ್ಣದು ನಮ್ಮಲ್ಲಿಲ್ಲ."

"ಇದೂ ಹೋಗ್ದಿದ್ರೆ?"

"ಮತ್ತೆ ಆಪರೇಷನ್ನೇ. ಆ ಡಾಕ್ಟರು ಬರೋದು ಇನ್ನು ಮುಂದಿನ ವರ್ಷದ ಶಿಬಿರಕ್ಕೆ." ನಳಿಕೆಗೆ ಜೆಲ್ಲಿ ಸವರುತ್ತ ಸೇರಿಸಿದಳು, "ಬಂದ್ರೆ."

"ನನ್ನ ಕೈ ಸೇದಿಹೋಗ್ಲಿ," ಎಂದು ಅಜ್ಜಿ ಬಾಗಿಲ ಬಳಿ ಗೋಡೆಗೆ ಹಣೆ ಒತ್ತಿ ನಿಂತಳು. ಅವಳತ್ತ ಯಾರೂ ತಿರುಗಲಿಲ್ಲ. ತಾಯಿಯ ಕಣ್ಣು ನಳಿಕೆಯ ತುದಿಯಲ್ಲೇ ನೆಟ್ಟಿತ್ತು.

ಅದು ಗುಳಿಯೊಳಗೆ ಕೂದಲೆಳೆಯಷ್ಟು ಸರಿಯಿತು. ನಿಂತಿತು. ನರ್ಸ್ ಮೆಲ್ಲನೆ ತಿರುವಿದಳು. ಒಂದು ಹನಿ ರಕ್ತ ಜಿನುಗಿತು. ಹುಡುಗಿಯ ಕಾಲ್ಬೆರಳುಗಳು ಮುದುಡಿಕೊಂಡವು. ನರ್ಸ್ ತಲೆಯಲ್ಲಾಡಿಸಿ ಕೈಯನ್ನು ಹಿಂದಕ್ಕೆ ತೆಗೆಯತೊಡಗಿದಳು.

ಪುಟ್ಟ ಬೆರಳುಗಳು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದವು.

"ತೆಗೀಬೇಡಿ ಸಿಸ್ಟರ್. ನಾಳೆಯಿಂದ ಶಾಲೆ ಇದೆ. ನಾನೇನು ಅಳ್ತಿಲ್ವಲ್ಲ?"