ಎಡಗೈಯ ಅಳತೆ

ಬೆಳಿಗ್ಗೆ ಹತ್ತೂವರೆಗೆ ಆಕೆ ಗಿಟಾರನ್ನು ಮೂರನೇ ಸಲ ಅದನ್ನು ಮಾಡಿದ ಮುದುಕನ ಅಂಗಡಿಗೆ ವಾಪಸು ತಂದರು. ಅವನು ಅದನ್ನು ಆಕೆಯ ಕೈಯ ಅಳತೆಗೆಂದೇ ಮಾಡಿಕೊಟ್ಟು ಎರಡು ವರ್ಷವಾಗಿತ್ತು.

“ಎಂತ ಮೇಡಂ, ಪುನಃ ದಪ್ಪ ಆಯ್ತಾ? ದಿನಾ ಗಂಜಿ ಹಾಕ್ತೀರಾ ಇದಕ್ಕೆ?”

“ಕಿರುಬೆರಳು ತಂತಿಗೆ ಎಟಕುದಿಲ್ಲ. ಕೈಯಲ್ಲಿ ಹಿಡಿಯುವ ಈ ನೆಕ್ ಇನ್ನೂ ಸ್ವಲ್ಪ ಸಪೂರ ಮಾಡಿ. ಮುಂದಿನ ತಿಂಗಳು ಪ್ರೋಗ್ರಾಂ ಉಂಟು. ನುಡಿಸುದು ಬಿಟ್ರೆ ನನಗೆ ಬೇರೆ ಎಂತ ಗೊತ್ತುಂಟು?”

ಎರಡು ಸಲ ಸೇರಿ ಅವನು ಮೂರು ಮಿಲಿಮೀಟರ್ ಹೆರೆದಿದ್ದ.

“ಇನ್ನು ಹೆರೆದರೆ ತಂತಿಯ ಬಿಗಿಗೆ ಮರ ಬಾಗ್ತದೆ ಮಾರಾಯ್ರೇ,” ಎಂದು ಕಪಾಟಿನಿಂದ ಹಳೆಯ ಕಾಗದವೊಂದನ್ನು ತೆಗೆದ. ಗಿಟಾರ್ ಮಾಡುವ ಮೊದಲು ಆಕೆಯ ಎಡಗೈಯನ್ನು ಅದರ ಮೇಲೆ ಇರಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿದ್ದ.

“ಇದರ ಮೇಲೆ ಕೈ ಇಡಿ.”

ಮೂರು ಬೆರಳು ಗೆರೆಯೊಳಗೆ ಕೂತವು. ಕೊನೆಯ ಎರಡು ಮಡಚಿಕೊಂಡೇ ಇದ್ದವು.

“ಬಿಡಿಸಿ.”

“ಬಿಡಿಸಿದ್ದೇನೆ.”

ಅವನು ಕಾಗದವನ್ನು ಮಡಚಿಟ್ಟ. “ಮೇಡಂ, ಇದು ಮರದ ಕೆಲಸ ಅಲ್ಲ. ಡಾಕ್ಟರಿಗೆ ತೋರಿಸಿ. ಅವರ ಹತ್ರ ಎಂತಾದ್ರೂ ದಾರಿ ಇದ್ದೀತು.”

ಆಕೆ ಚೀಲದಿಂದ ಆರು ತಿಂಗಳ ಹಿಂದಿನ ಆಸ್ಪತ್ರೆಯ ಚೀಟಿಯನ್ನು ತೆಗೆದು ಅವನ ಮುಂದಿಟ್ಟರು. ಡಾಕ್ಟರು ಕೊನೆಯ ಸಾಲಿನಲ್ಲಿ ಬರೆದಿದ್ದರು: “ಕೈಗೆ ಇನ್ನು ಚಿಕಿತ್ಸೆ ಇಲ್ಲ. ಗಿಟಾರ್ ಮಾಡಿದವರನ್ನು ಕೇಳಿ ನೋಡಿ.”